ಇಪ್ಪತ್ತೆಂಟು ದಿನದ ನೀರು

ಅಮೆರಿಕಕ್ಕೆ ಹೋಗಿ ಬಂದವರು ಏನಾದರೂ ಬರೆದುಕೊಡಲೇಬೇಕು ಎಂಬುದು ಮುಂಬಯಿಯ ನಮ್ಮ ಕನ್ನಡ ಬಳಗದ ಪತ್ರಿಕೆಯ ಹಳೆಯ ಪದ್ಧತಿ. ಹಿಂದೆ ಹೋಗಿ ಬಂದವರು ಮುಗಿಲೆತ್ತರದ ಕಟ್ಟಡಗಳ ಬಗ್ಗೆ, ದೊಡ್ಡ ಜಲಪಾತದ ಬಗ್ಗೆ ಬರೆದು ನಮ್ಮ ಹೊಟ್ಟೆ ಉರಿಸಿದ್ದಾರೆ. ನಾನು ಅದನ್ನೆಲ್ಲ ನೋಡಲಿಲ್ಲ. ಐದು ವಾರ ಒಂದೇ ಸಣ್ಣ ಊರಿನಲ್ಲಿ ಕುಳಿತು ಸಿಮೆಂಟಿನ ದೋಣಿ ನೋಡಿ ಬಂದೆ. ಬರೆಯಲು ಇಷ್ಟು ತಡವಾದದ್ದಕ್ಕೆ ಸೋಮಾರಿತನ ಕಾರಣವೆಂದು ಸಂಪಾದಕರು ತಿಳಿದಿದ್ದಾರೆ. ಅದು ಹಾಗಲ್ಲ ಎಂಬುದು ಓದುತ್ತಾ ತಿಳಿಯುತ್ತದೆ.

ಅಂಧೇರಿ

ನಾನು ಇಲ್ಲಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಾಂಕ್ರೀಟಿನ ಪಾಠ ಮಾಡುವವನು. ಹುಟ್ಟಿದ್ದು ಉಡುಪಿಯ ಹತ್ತಿರ. ನಮ್ಮವರೆಲ್ಲ ಮುಂಬಯಿಗೆ ಬಂದು ದೋಸೆ ಹಿಟ್ಟು ಕಲಸಿದರೆ ಇವನು ಸಿಮೆಂಟು ಕಲಸಲು ಹೋದ ಎಂದು ನನ್ನ ಭಾವ ಬಂದವರ ಮುಂದೆಲ್ಲ ಹೇಳುತ್ತಾನೆ.

ಒಂದು ದಿನ ಕೊನೆಯ ವರ್ಷದ ವಿದ್ಯಾರ್ಥಿ ಜಯಂತ ಒಂದು ಅಮೆರಿಕನ್ ಪತ್ರಿಕೆ ಹಿಡಿದುಕೊಂಡು ಬಂದ. ಅವನ ತಂದೆತಾಯಿ ಧಾರವಾಡದವರು, ಅವನು ಹುಟ್ಟಿ ಬೆಳೆದದ್ದು ಬಾಂದ್ರಾದಲ್ಲಿ. ಕನ್ನಡ ಪೂರ್ತಿ ತಿಳಿಯುತ್ತದೆ, ಆಡುವಾಗ ಮಾತ್ರ ಹೊಳೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡುವವನ ಹಾಗೆ ಆಡುತ್ತಾನೆ. ಪತ್ರಿಕೆಯ ಚಿತ್ರದಲ್ಲಿ ಇಬ್ಬರು ಹುಡುಗರು ದೋಣಿ ಹುಟ್ಟು ಹಾಕುತ್ತಿದ್ದರು. ದೋಣಿ ಕಾಂಕ್ರೀಟಿನದು. ವಿದ್ಯಾರ್ಥಿಗಳೇ ಮಾಡಿ, ಅವರೇ ಕೂತು, ಇನ್ನೊಂದು ಕಾಲೇಜಿನ ದೋಣಿಯ ಜೊತೆ ಸ್ಪರ್ಧೆಗೆ ಬಿಡುತ್ತಾರಂತೆ.

"ಸರ್, ನಾವು ಭೀ ಮಾಡೋಣ?" ಎಂದ ಜಯಂತ.

"ಮುಳುಗಿದರೆ?"

"ಸ್ವಿಮಿಂಗ್ ಬರ್ತದೆ ಸರ್."

ಎರಡು ಸಂಜೆ ಕ್ಯಾಂಟೀನಿನಲ್ಲಿ ಕುಳಿತು ಯೋಜನೆ ಬರೆದೆವು. ಹದಿನೈದು ಅಡಿ ಉದ್ದ. ಬಿದಿರು, ಮಣ್ಣು ಸೇರಿಸಿ ಬೋರಲು ಅಚ್ಚು. ಅದರ ಮೇಲೆ ಕೋಳಿಗೂಡಿನ ತಂತಿಬಲೆ ಎರಡು ಪದರ, ಬಲೆಯ ಮೇಲೆ ಗಾರೆ. ಸಿಮೆಂಟಿಗೆ ಪರ್ಮಿಟ್ಟು ಸಿಗದೆ ಜನ ಮನೆಯ ಗೋಡೆಯನ್ನೇ ಅರ್ಧಕ್ಕೆ ನಿಲ್ಲಿಸಿದ್ದ ಕಾಲ ಅದು. ದೋಣಿ ಮಾಡುತ್ತೇವೆ ಎಂದು ಅರ್ಜಿ ಹಾಕಿದರೆ ನಮ್ಮನ್ನು ಹುಚ್ಚಾಸ್ಪತ್ರೆಗೆ ಕಳಿಸುತ್ತಾರೆಂದು ಪ್ರಯೋಗಶಾಲೆಯ ಪಾಲಿನ ಸಿಮೆಂಟಿನಲ್ಲೇ ಉಳಿಸಿದೆವು. ಇನ್ನೊಂದು ಕಾಲೇಜಿನವರು ಪಂಥ ಒಪ್ಪಿಕೊಂಡರು. ಮಳೆಗಾಲಕ್ಕೆ ಮುಂಚೆ ಪವಾಯಿ ಕೆರೆಯಲ್ಲಿ ರೇಸು.

ದಪ್ಪ ಅರ್ಧ ಇಂಚು ಎಂದು ನಾನು ಬರೆದೆ. ಬರೆಯುವುದಕ್ಕೆ ಏನು ಕಷ್ಟ? ಅಷ್ಟು ತೆಳ್ಳಗೆ, ಎಲ್ಲ ಕಡೆ ಒಂದೇ ಸಮ ಗಾರೆ ಹಚ್ಚಬಲ್ಲ ಕೈ ನಮ್ಮಲ್ಲಿ ಒಂದೇ ಇತ್ತು, ಅದು ಯಮನಪ್ಪನದು. ಆತ ನಮ್ಮ ಪ್ರಯೋಗಶಾಲೆಯ ಮಿಸ್ತ್ರಿ. ಬಾಗಲಕೋಟೆಯ ಕಡೆಯವನು, ಪಾಯ ಅಗೆಯಲು ಮುಂಬಯಿಗೆ ಬಂದು ಇಪ್ಪತ್ತು ವರ್ಷ ಸಿಮೆಂಟಿನಲ್ಲೇ ಕೈ ಇಟ್ಟವನು, ದಹಿಸರದಿಂದ ದಿನಾ ಲೋಕಲಿನಲ್ಲಿ ಬರುವವನು. ನಮ್ಮ ಯೋಜನೆಯ ಹಾಳೆಯಲ್ಲಿ ಹನ್ನೊಂದು ಜನರ ಹೆಸರಿತ್ತು. ಅವನ ಹೆಸರು ಇರಲಿಲ್ಲ. ಬಿಟ್ಟದ್ದಲ್ಲ, ಹೊಳೆಯಲೇ ಇಲ್ಲ.

ಏಪ್ರಿಲಿನ ಒಂದು ಬೆಳಿಗ್ಗೆ ಗಾರೆ ಹಚ್ಚಲು ಕೂತ ಯಮನಪ್ಪ ಮಧ್ಯಾಹ್ನ ಮುಗಿಸಿ ಎದ್ದ. ಹುಡುಗರು ಸುತ್ತ ನಿಂತು ನೋಡಿದರು. ಕರಣೆ ಕೆಳಗಿಟ್ಟು ಕೈ ತೊಳೆಯುತ್ತಾ ಆತ ಕೇಳಿದ, "ಎಷ್ಟ ದಿನಾ ನೀರ ಹೊಡೀಲ್ರಿ ಸಾಹೇಬ್ರ?"

ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಕಾಂಕ್ರೀಟಿನ ಬಲವನ್ನು ಇಪ್ಪತ್ತೆಂಟನೆಯ ದಿನ ಅಳೆಯುತ್ತಾರೆ. ಅಷ್ಟು ದಿನವೂ ನೀರು ಹೊಡೆಯಬೇಕೆಂದಿಲ್ಲ. ಇಂಥ ಕೆಲಸಕ್ಕೆ ಏಳು ದಿನ, ಹೆಚ್ಚೆಂದರೆ ಹತ್ತು ದಿನ ತೇವ ಆರದಂತೆ ನೋಡಿಕೊಂಡರೆ ಸಾಕು. ಆದರೆ ನಮ್ಮ ಸೈಟುಗಳಲ್ಲಿ ಏಳು ಎಂದರೆ ಮೂರು ದಿನ ಹೊಡೆಯುತ್ತಾರೆ, ಹದಿನಾಲ್ಕು ಎಂದರೆ ಏಳು. ಹಾಗಾಗಿ ಇಂಜಿನಿಯರು ಬೇಕಾದದ್ದರ ಎರಡು ಪಟ್ಟು, ಮೂರು ಪಟ್ಟು ಹೇಳುತ್ತಾನೆ. ಕೇಳುವವನೂ ಅದನ್ನು ಬಲ್ಲ. ಹೀಗೆ ಒಬ್ಬರನ್ನೊಬ್ಬರು ನಂಬದೆಯೇ ನಾವು ಈ ಊರನ್ನೆಲ್ಲ ಕಟ್ಟಿದ್ದೇವೆ.

"ಇಪ್ಪತ್ತೆಂಟು ದಿನ. ಒಂದು ದಿನವೂ ಒಣಗಲಿಕ್ಕೆ ಬಿಡಬೇಡಿ. ನಾನು ಅಮೆರಿಕದಿಂದ ಬರುವವರೆಗೆ ನೀವೇ ನೋಡಿಕೊಳ್ಳಬೇಕು" ಎಂದೆ.

"ಆತ್ರಿ" ಎಂದ ಯಮನಪ್ಪ.

ಸಾಂತಾಕ್ರೂಜ್

ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಐದು ವಾರದ ತರಬೇತಿಗೆ ನನ್ನನ್ನು ಕರೆದಿದ್ದರು. ಅಲ್ಲಿಯ ಹುಡುಗರೂ ಸಿಮೆಂಟಿನ ದೋಣಿ ಮಾಡುತ್ತಾರೆಂದು ತಿಳಿದು ನನಗೆ ಹಿಗ್ಗೋ ಹಿಗ್ಗು. ಗಾರೆ ಹಚ್ಚಿದ ಮರುದಿನವೇ ನನ್ನ ವಿಮಾನ.

ಹೊರಡುವ ಮೊದಲು ಯಮನಪ್ಪ ಒಂದು ಬಿಲ್ಲೆ ತಂದುಕೊಟ್ಟ. ಅಂಗೈ ಅಗಲ, ಅರ್ಧ ಇಂಚು ದಪ್ಪ, ದೋಣಿಯ ಗಾರೆಯಲ್ಲೇ ಮಾಡಿದ್ದು. ಅಲ್ಲಿಯವರು ಪರೀಕ್ಷೆ ಮಾಡಿ ನೋಡಲಿ ಎಂದು ನಾನೇ ಕೇಳಿದ್ದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಹಾಕಿ, ಕಟ್ಟಿದ್ದ.

"ನೀವೂ ದಿನಾ ನೀರ ಹಾಕ್ರಿ ಮತ್ತ. ಇದೂ ಕೂಸs ಐತಿ."

ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವರು ಪೆಟ್ಟಿಗೆ ತೆರೆಸಿದರು. ಬಟ್ಟೆ ಬಿಚ್ಚಿ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದ ಅಧಿಕಾರಿ, "ಯೇ ಕ್ಯಾ ಹೈ?" ಎಂದ. ಸಿಮೆಂಟು ಎಂದೆ. ಇಲ್ಲಿ ಪರ್ಮಿಟ್ಟಿಗೆ ಜನ ಸಾಯುತ್ತಿರುವಾಗ ನೀವು ಅಮೆರಿಕಕ್ಕೆ ಸಿಮೆಂಟು ಒಯ್ಯುತ್ತೀರಾ ಎಂದು ಅವನು ಹಿಂದಿಯಲ್ಲಿ ಕೇಳಿದಾಗ ಸಾಲಿನಲ್ಲಿದ್ದವರೆಲ್ಲ ನಕ್ಕರು. ಬಿಲ್ಲೆಯನ್ನು ಮತ್ತೆ ಸುತ್ತುವಾಗ ಪ್ಲಾಸ್ಟಿಕ್ ಚೀಲ ಅಲ್ಲೇ ಉಳಿಯಿತು. ಇಳಿದು ಪೆಟ್ಟಿಗೆ ತೆರೆದರೆ ನನ್ನ ಮೂರು ಶರ್ಟು ಸಿಮೆಂಟು ನೀರು ಕುಡಿದು ರೊಟ್ಟಿಯ ಹಾಗೆ ಕೂತಿದ್ದವು. ಮೊದಲ ವಾರವೆಲ್ಲ ಒಂದೇ ಶರ್ಟಿನಲ್ಲಿ ಅಮೆರಿಕ ನೋಡಿದೆ.

ಜೋಳದ ಹೊಲಗಳ ಊರು

ಆ ಊರಿನ ಸುತ್ತ ಮುಸುಕಿನ ಜೋಳದ ಹೊಲ ಬಿಟ್ಟರೆ ಬೇರೇನಿಲ್ಲ. ಆಗಿನ್ನೂ ಬಿತ್ತಿರಲಿಲ್ಲ, ಕಣ್ಣು ಹೋಗುವಷ್ಟು ದೂರ ಕಪ್ಪು ಮಣ್ಣು. ಯಮನಪ್ಪ ನೋಡಿದ್ದರೆ ನಮ್ಮ ಎರಿ ಭೂಮಿ ಇದ್ದಂಗೈತಿ ಎನ್ನುತ್ತಿದ್ದನೇನೋ. ಬೀದಿಯಲ್ಲಿ ನಡೆಯುವವನು ನಾನೊಬ್ಬನೇ. ಎರಡು ಸಲ ಯಾರೋ ಕಾರು ನಿಲ್ಲಿಸಿ, ಕಾರು ಕೆಟ್ಟಿದೆಯೇ ಎಂದು ಕೇಳಿದರು. ಕಾರೇ ಇಲ್ಲ ಎಂದಾಗ ಅವರ ಮುಖದಲ್ಲಿ ಮೂಡಿದ ಮರುಕವನ್ನು ಅಂಧೇರಿ ಸ್ಟೇಷನ್ನಿನ ಸಂಜೆಯ ನೂಕುನುಗ್ಗಲಿನಲ್ಲಿ ಈಗಲೂ ನೆನೆಯುತ್ತೇನೆ.

ನನಗೆ ಕೊಟ್ಟ ಕೋಣೆಯಲ್ಲಿ ನಲ್ಲಿ ತಿರುಗಿಸಿದರೆ ಯಾವ ಹೊತ್ತಿನಲ್ಲೂ ನೀರು. ಮುಖ ತೊಳೆಯುವ ಬೇಸಿನ್ನಿಗೆ ಬೂಚು ಹಾಕಿ ನೀರು ತುಂಬಿ ಅದರಲ್ಲಿ ಬಿಲ್ಲೆಯನ್ನು ಮುಳುಗಿಸಿಟ್ಟೆ. ದಿನಾ ಬೆಳಿಗ್ಗೆ ಅದನ್ನು ಹೊರಗೆ ತೆಗೆದು ಹಲ್ಲುಜ್ಜಿ ಮತ್ತೆ ಒಳಗಿಡುವುದು. ಕೋಣೆ ಗುಡಿಸಲು ಬರುವ ಹೆಂಗಸು ಅದು ನಮ್ಮ ಪೂಜೆಯ ಕಲ್ಲೆಂದು ತಿಳಿದು, ಬೇಸಿನ್ ಉಜ್ಜುವಾಗ ಅದನ್ನು ಮಡಿಚಿದ ಟವೆಲಿನ ಮೇಲೆ ಇಡುತ್ತಿದ್ದಳು.

ಅದೇ ಹೊತ್ತಿಗೆ ಇಲ್ಲಿ ಕಾಲೇಜಿನ ನಲ್ಲಿಯಲ್ಲಿ ಬೆಳಿಗ್ಗೆ ಒಂದು ತಾಸು ಮಾತ್ರ ನೀರು ಬರುತ್ತಿತ್ತು. ಆ ಒಂದು ತಾಸು ಹಿಡಿಯಲು ಯಮನಪ್ಪ ದಹಿಸರದಿಂದ ಮೊದಲ ಲೋಕಲಿಗೆ ಬರುತ್ತಿದ್ದ. ಡ್ರಮ್ಮು ತುಂಬಿಸಿ, ಗೋಣಿತಾಟು ನೆನೆಸಿ, ದೋಣಿಯ ಮೈತುಂಬ ಹೊದಿಸಿ, ಮಧ್ಯಾಹ್ನಕ್ಕೊಮ್ಮೆ ಸಂಜೆಗೊಮ್ಮೆ ಮತ್ತೆ ನೆನೆಸುತ್ತಿದ್ದ. ಭಾನುವಾರಗಳಲ್ಲೂ. ಇದು ನನಗೆ ಆಮೇಲೆ ತಿಳಿದದ್ದು. ತಿಳಿಯದೆಯೂ ಊಹಿಸಬಹುದಿತ್ತು.

ಹನ್ನೆರಡನೆಯ ದಿನ

ಅಲ್ಲಿಯ ಪ್ರಯೋಗಶಾಲೆಯ ಮಿಸ್ತ್ರಿಯ ಹೆಸರು ವಾಲ್ಟರ್. ಅರವತ್ತರ ಹತ್ತಿರದ ಮನುಷ್ಯ, ನೀಲಿ ಮೇಲಂಗಿ, ಉಗುರಿನ ಸಂದಿಯಲ್ಲಿ ಬಿಳಿ ಸಿಮೆಂಟು. ಎಲ್ಲ ಮಿಸ್ತ್ರಿಗಳ ಉಗುರೂ ಒಂದೇ ಎಂದು ಅಲ್ಲಿ ಅರಿತೆ. ಉಳಿದದ್ದೆಲ್ಲ ಬೇರೆ. ಪ್ರೊಫೆಸರರು ಅವನ ಎದುರು ಮೇಜಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು. ಹುಡುಗರು ವಾಲ್ಟರ್ ವಾಲ್ಟರ್ ಎಂದು ಎಲ್ಲದಕ್ಕೂ ಅವನನ್ನೇ ಕೇಳುತ್ತಿದ್ದರು.

ಅವರ ದೋಣಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಟೇಪು ಅಂಟಿಸಿ ಒಂದು ವಾರ ಯಾರೂ ಅತ್ತ ತಿರುಗಿ ನೋಡಿರಲಿಲ್ಲ. ನೀರು ಹೊಡೆಯುವುದಿಲ್ಲವೇ ಎಂದು ನಾನು ಕೇಳಿದೆ. ಒಳಗಿನ ನೀರು ಹೊರಗೆ ಹೋಗದಿದ್ದರೆ ಹೊರಗಿನ ನೀರು ಯಾಕೆ ಬೇಕು ಎಂದರು ಪ್ರೊಫೆಸರ್. ಪುಸ್ತಕದಲ್ಲಿ ಓದಿ ನಾನೇ ಪಾಠ ಮಾಡಿದ ವಿಷಯ ಅದು.

ಹಾಳೆ ತೆಗೆದ ದಿನ ಪ್ರೊಫೆಸರ್ ಕೈಯಲ್ಲಿ ಕಾಗದ ಹಿಡಿದುಕೊಂಡೇ ಕೇಳಿದರು, "ವಾಲ್ಟರ್, ಆಯಿತೋ?" ವಾಲ್ಟರ್ ದೋಣಿಯ ಉದ್ದಕ್ಕೂ ನಡೆಯುತ್ತಾ ಬೆರಳ ಗೆಣ್ಣಿನಿಂದ ಅಲ್ಲಲ್ಲಿ ಬಾರಿಸಿ ಕಿವಿಗೊಟ್ಟ. "ಆಯಿತು" ಎಂದ. ಪ್ರೊಫೆಸರ್ ಕಾಗದದಲ್ಲಿ ಗುರುತು ಹಾಕಿದರು. ಅಷ್ಟೇ. ಯಂತ್ರವೂ ಬೇಡ, ಇಪ್ಪತ್ತೆಂಟೂ ಬೇಡ.

ಅಂದೇ ನನ್ನ ಬಿಲ್ಲೆಯನ್ನೂ ವಾಲ್ಟರನ ಕೈಗೆ ಕೊಟ್ಟೆ. ಅದಕ್ಕೆ ಅಂದಿಗೆ ಹನ್ನೆರಡು ದಿನ, ನಮ್ಮ ದೋಣಿಗೂ ಹನ್ನೆರಡು. ಅವನು ಬಿಲ್ಲೆಯ ಅಂಚು ಸವರಿದ, ಕಿವಿಯ ಹತ್ತಿರ ಹಿಡಿದು ಬಾರಿಸಿದ, ಇನ್ನೊಮ್ಮೆ ಬಾರಿಸಿದ.

"ಇದು ಯಾವಾಗಲೋ ಆಗಿದೆ. ಇನ್ನೂ ನೀರಿನಲ್ಲಿ ಯಾಕಿಟ್ಟಿದ್ದೀರಿ?" ಎಂದ. ಬಿಲ್ಲೆಯನ್ನು ತಿರುಗಿಸಿ ನೋಡಿ, "ಇದು ಯಾರ ಕೈ?" ಎಂದು ಕೇಳಿದ.

"ನಮ್ಮ ಪ್ರಯೋಗಶಾಲೆಯದು" ಎಂದೆ.

ಪ್ರಯೋಗಶಾಲೆಗೆ ಕೈ ಇರುವುದಿಲ್ಲ. ಅವನು ಕೇಳಿದ್ದಕ್ಕೆ ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಆ ಹೆಸರು ಆಗಲೂ ನನ್ನ ಬಾಯಿಗೆ ಬರಲಿಲ್ಲ.

ಆ ಸಂಜೆ ಕೋಣೆಗೆ ಬಂದು ಬೇಸಿನ್ನಿನ ಬೂಚು ತೆಗೆದೆ. ಊರಿಗೆ ಕಾಗದ ಬರೆಯಲು ನೀಲಿ ಅಂತರ್ದೇಶೀಯದಂಥ ಹಾಳೆ ತಂದಿಟ್ಟುಕೊಂಡಿದ್ದೆ. ಜಯಂತನಿಗೆ ಒಂದು ಸಾಲು ಬರೆಯಬೇಕೆನಿಸಿತು: ನೀರು ಸಾಕು, ಯಮನಪ್ಪನಿಗೆ ಬಿಡುವು ಕೊಡಿ. ಪೆನ್ನು ಹಿಡಿದವನು ಯೋಚಿಸಿದೆ. ನೀರು ಹೆಚ್ಚಾದರೆ ಕಾಂಕ್ರೀಟು ಕೆಡುವುದಿಲ್ಲ. ಈಗ ಸಾಕು ಎಂದು ಬರೆದರೆ, ಮೊದಲು ಸುಮ್ಮನೆ ಹೇಳಿದ್ದೆಂದು ಎಲ್ಲರಿಗೂ ತಿಳಿಯುತ್ತದೆ. ಇಪ್ಪತ್ತೆಂಟು ಎಂದಿದ್ದೇನೆ, ಅವನು ಹೇಗೂ ಹದಿನಾಲ್ಕಕ್ಕೆ ನಿಲ್ಲಿಸುತ್ತಾನೆ. ಹಾಳೆಯಲ್ಲಿ ಹೆಂಡತಿಗೆ ಜೋಳದ ಹೊಲದ ವರ್ಣನೆ ಬರೆದೆ.

ಆ ಕಾಗದ ಎಂಟನೆಯ ದಿನ ಅಂಧೇರಿ ಮುಟ್ಟಿತಂತೆ. ಅಂದರೆ ದೋಣಿಯ ಇಪ್ಪತ್ತನೆಯ ದಿನ. ಈ ಲೆಕ್ಕವನ್ನು ಓದುಗರು ನೆನಪಿಡಬೇಕು, ನಾನಂತೂ ಮರೆತಿಲ್ಲ.

ಕೆರೆಯ ದಂಡೆ

ಅವರ ರೇಸಿನ ದಿನ ಬಿಸಿಲಿತ್ತು, ಆದರೆ ಗಾಳಿ ಮೂಳೆಗೆ ತಾಗುತ್ತಿತ್ತು. ನಾಲ್ಕು ಕಾಲೇಜಿನ ನಾಲ್ಕು ದೋಣಿ. ಹುಡುಗ ಹುಡುಗಿಯರು ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡುತ್ತಿದ್ದರು. ವಾಲ್ಟರ್ ಮಡಚುವ ಕುರ್ಚಿ ತಂದು ಪ್ರೊಫೆಸರರ ಪಕ್ಕದಲ್ಲೇ ಹಾಕಿಕೊಂಡಿದ್ದ.

ಅರ್ಧ ದಾರಿಯಲ್ಲಿ ನಮ್ಮ ಆತಿಥೇಯರ ದೋಣಿ ಟಪ್ ಎಂದಿತು. ಸದ್ದು ದಂಡೆಗೂ ಕೇಳಿಸಿತು. ನಡುವೆ ಸೀಳಿ, ಇಬ್ಬರು ಹುಡುಗರನ್ನು ನೀರಿಗೆ ಬಿಟ್ಟು, ನಿಧಾನವಾಗಿ ಕೆಳಗೆ ಹೋಯಿತು. ಈಗ ಯಾರನ್ನು ಬೈಯುತ್ತಾರೋ ಎಂದು ಅತ್ತಿತ್ತ ನೋಡಿದೆ. ದಂಡೆಯ ಮೇಲಿದ್ದವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಪ್ರೊಫೆಸರ್ ವಾಲ್ಟರನ ಭುಜ ತಟ್ಟಿ ಏನೋ ಹೇಳಿದರು, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒದ್ದೆಯಾಗಿ ಬಂದ ಹುಡುಗರಿಗೆ ವಾಲ್ಟರ್ ತನ್ನ ಕೋಟು ಹೊದಿಸಿದ.

ಯಾರ ತಪ್ಪು ಎಂದು ಯಾರೂ ಕೇಳಲಿಲ್ಲ. ಐದು ವಾರದಲ್ಲಿ ನಾನು ಕಂಡ ಅತಿ ವಿಚಿತ್ರ ಸಂಗತಿ ಇದು. ಮನೆಗೆ ಹೋದಮೇಲೆ ಹುಡುಗರಿಗೆ ಇದನ್ನು ಹೇಳಿ ನಗಿಸಬೇಕೆಂದುಕೊಂಡೆ.

ಹೊರಡುವ ಎರಡು ದಿನ ಮೊದಲು ಜಯಂತನ ಕಾಗದ ಬಂತು. ಇಂಗ್ಲಿಷಿನಲ್ಲಿ ನೀಟಾಗಿ ಬರೆದಿದ್ದ. ದೋಣಿ ಚೆನ್ನಾಗಿದೆ, ಎಲ್ಲೂ ಬಿರುಕಿಲ್ಲ. ಯಮನಪ್ಪನ ಅಕ್ಕನಿಗೆ ಸೀರಿಯಸ್ ಎಂದು ಹದಿನಾಲ್ಕನೆಯ ದಿನ ಊರಿಂದ ತಾರು ಬಂದಿತ್ತು, ಇಪ್ಪತ್ತೆರಡನೆಯ ದಿನ ಆಕೆ ತೀರಿಕೊಂಡಳೆಂದು ಇನ್ನೊಂದು ತಾರು ಬಂತು. ಆದರೂ ಅವನು ಒಂದು ದಿನವೂ ರಜೆ ಹಾಕಿಲ್ಲ. ತಾವು ಚಿಂತಿಸಬೇಕಾಗಿಲ್ಲ.

ಆ ಅಕ್ಕ ಯಾರೆಂದು ನನಗೆ ಗೊತ್ತಿತ್ತು. ತಾಯಿ ಸತ್ತಾಗ ಯಮನಪ್ಪ ಮೂರು ವರ್ಷದವನು. ಅಕ್ಕ ಶಾಂತವ್ವನೇ ಅವನನ್ನು ಎತ್ತಿ ಆಡಿಸಿ ಸಾಕಿದವಳು. ಮದುವೆಯಾಗಿ ಗಂಡನ ಮನೆಗೆ ಹೋಗುವಾಗ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಹೋದಳಂತೆ. ಅವಳ ಮಾತು ಬಂದಾಗ ಯಮನಪ್ಪ ಕೆಲಸದ ನಡುವೆಯೂ ನಗುತ್ತಿದ್ದ.

ನಾನು ಹಾಸಿಗೆಯ ಮೇಲೆ ಕುಳಿತು ಬೆರಳು ಮಡಚಿ ದಿನ ಎಣಿಸಿದೆ. ನಾನು ಬರೆಯದೆ ಬಿಟ್ಟ ಆ ಸಾಲು ಇಪ್ಪತ್ತಕ್ಕೆ ಜಯಂತನಿಗೆ ಮುಟ್ಟಿದ್ದರೆ, ಅಂದು ಸಂಜೆಯೇ ರೈಲು ಹತ್ತಿದ್ದರೆ, ಅವನು ಅಕ್ಕನ ಮುಖ ನೋಡುತ್ತಿದ್ದ. ಎಷ್ಟು ಸಲ ಎಣಿಸಿದರೂ ಲೆಕ್ಕ ಅದೇ ಬರುತ್ತಿತ್ತು.

ಮತ್ತೆ ಅಂಧೇರಿ

ನಾನು ಬಂದಾಗ ಯಮನಪ್ಪ ಇರಲಿಲ್ಲ. ಇಪ್ಪತ್ತೆಂಟನೆಯ ದಿನ ಸಂಜೆ ಕೊನೆಯ ಸಲ ನೀರು ಹೊಡೆದು, ಗೋಣಿತಾಟುಗಳನ್ನು ಹಿಂಡಿ ಒಣಗಲು ಹಾಕಿ, ಊರಿಗೆ ಹೋಗಿದ್ದ. ದೋಣಿ ನಿಜಕ್ಕೂ ಚೆನ್ನಾಗಿತ್ತು. ಅಚ್ಚಿನಿಂದ ಬಿಡಿಸಿ ತಿರುಗಿಸಿದಾಗ ಹುಡುಗರು ಅದರ ಮೈ ಸವರಿ ಸವರಿ ನೋಡಿದರು.

"ತಾರು ಬಂದಾಗ ಹೋಗು ಎಂದು ಯಾರೂ ಹೇಳಲಿಲ್ಲವಾ?" ಎಂದು ಜಯಂತನನ್ನು ಕೇಳಿದೆ.

"ನಾನು ಹೇಳಿದೆ ಸರ್. ಅವರು ಬೋಲೆ, ಗಾವ್‌ದವರು ಹಮೇಶಾ ಸೀರಿಯಸ್ ಅಂತಾನೇ ತಾರು ಕೊಡ್ತಾರೆ. ಲಾಸ್ಟ್ ಇಯರ್ ಹೊಲದ ಜಗಳಕ್ಕೂ ಸೀರಿಯಸ್ ಅಂತ ಬಂತು. ಸೀರಿಯಸ್ ಇಲ್ಲ ಅಂದ್ರೆ ಮುಂಬಯಿಯಿಂದ ಕೋಯಿ ಬರಲ್ಲ ಅಂತ."

ನಾಚಿಕೆ ಬಿಟ್ಟು ಹೇಳುತ್ತೇನೆ, ಇದನ್ನು ಕೇಳಿ ನನಗೆ ಹಗುರವಾಯಿತು. ಊರಿನವರು ಸಣ್ಣದಕ್ಕೂ ದೊಡ್ಡ ಮಾತು ಹೇಳಿದ್ದರಿಂದ, ದೊಡ್ಡದು ಬಂದಾಗ ಅವನು ನಂಬಲಿಲ್ಲ. ನಾನೂ ಅಂಥದೇ ದೊಡ್ಡ ಮಾತು ಹೇಳಿದ್ದೆ, ಅದನ್ನು ಮಾತ್ರ ನಂಬಿದ. ತಪ್ಪು ತಾರಿನದು ಎಂದುಕೊಂಡು ಕೆಲವು ದಿನ ಊಟ ಸೇರಿತು.

ರೇಸಿನ ಹಿಂದಿನ ದಿನ ಯಮನಪ್ಪ ಬಂದ, ತಲೆ ಬೋಳಿಸಿಕೊಂಡಿದ್ದ. ಪವಾಯಿಯಲ್ಲಿ ನಮ್ಮ ದೋಣಿ ತೇಲಿತು. ಎರಡು ದೋಣಿಗಳ ರೇಸಿನಲ್ಲಿ ಎರಡನೆಯದಾಗಿ ಬಂತು, ಜಯಂತನಿಗೆ ಈಜು ಬರುತ್ತಿತ್ತೇ ಹೊರತು ಹುಟ್ಟು ಹಾಕಲು ಬರುತ್ತಿರಲಿಲ್ಲ. ಯಮನಪ್ಪ ಜನರಿಂದ ದೂರ, ಲಾರಿಯ ನೆರಳಲ್ಲಿ ನಿಂತು ನೋಡುತ್ತಿದ್ದ. ದೋಣಿ ದಂಡೆಗೆ ಬಂದಮೇಲೆ ಹತ್ತಿರ ಹೋಗಿ ಒಳಗೆ ಕೈಯಾಡಿಸಿ ನೀರು ಜಿನುಗಿದೆಯೇ ಎಂದು ನೋಡಿದ. ಪ್ರಿನ್ಸಿಪಾಲರು ನನ್ನ ಕೈ ಕುಲುಕಿದರು.

ದಹಿಸರ್

ಮುಂದಿನ ಭಾನುವಾರ ದಹಿಸರಕ್ಕೆ ಹೋದೆ. ಅಷ್ಟು ವರ್ಷದಲ್ಲಿ ಅವನ ಮನೆಗೆ ಹೋದದ್ದು ಅದೇ ಮೊದಲು. ಅಂಧೇರಿಯಿಂದ ಅಮೆರಿಕಕ್ಕೆ ಹೋಗಿ ಬಂದವನು ದಹಿಸರ್ ಸ್ಟೇಷನ್ನಿನಲ್ಲಿ ಇಳಿದು ಯಾವ ಕಡೆಗೆ ಹೋಗಬೇಕೆಂದು ತಿಳಿಯದೆ ಮೂವರನ್ನು ಕೇಳಿದೆ.

ಚಾಳಿನ ಕೊನೆಯ ಕೋಲಿ, ಇರುವುದೇ ಒಂದು ಕೋಣೆ. ಯಮನಪ್ಪ ಬಾಗಿಲಲ್ಲಿ ಗೋಣಿತಾಟು ಹಾಸಿ ನನ್ನನ್ನು ಕೂರಿಸಿದ. ಅವನ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದಳು. ಅಕ್ಕನ ವಿಷಯ ಹೇಗೆ ತೆಗೆಯಲೆಂದು ನನಗೆ ತಿಳಿಯಲಿಲ್ಲ. ಅವನೇ ಹೇಳಿದ, "ಅಕ್ಕನ ಮಣ್ಣಿಗೆ ಹೋಗೂದಾಗಲಿಲ್ರಿ. ಮಾರಿ ನೋಡಲಿಲ್ಲ. ಯಮನ್ಯಾ ಬಂದನೇನ, ಯಮನ್ಯಾ ಬಂದನೇನ ಅಂತ ಕೇಳ್ತಿದ್ಲಂತ."

ನಾನು ಚಹಾದ ಲೋಟ ಎತ್ತಿಕೊಂಡೆ. ಅವನು ಕೇಳಿದ, "ಅಲ್ಲೆ ಎಷ್ಟ ದಿನಾ ನೀರ ಹೊಡೀತಾರ್ರಿ ಸಾಹೇಬ್ರ?"

ಈ ಪ್ರಶ್ನೆ ಬಂದೇ ಬರುತ್ತದೆಂದು ಲೋಕಲಿನಲ್ಲೇ ಉತ್ತರ ಸಿದ್ಧ ಮಾಡಿಕೊಂಡಿದ್ದೆ. "ಇಪ್ಪತ್ತೆಂಟು" ಎಂದೆ.

ಯಮನಪ್ಪ ನನ್ನ ಮುಖವನ್ನು ನೋಡಿದ. ಸಿಟ್ಟಿನಿಂದಲ್ಲ.

"ಇರಬಹುದ್ರಿ. ನಮ್ಮದು ಹತ್ತಕ್ಕs ಆಗಿತ್ರಿ. ಗೋಣಿತಾಟ ಸರಿಸಿ ಬಾರಿಸಿ ನೋಡಿದ್ದೆ. ಗಂಟಿ ಹಂಗ ಖಣ್ ಅಂತ ಬಂತು."

ನಾನು ಲೋಟ ಕೆಳಗಿಟ್ಟೆ. "ಗೊತ್ತಿತ್ತಾ ನಿಮಗೆ? ಮತ್ತೆ ತಾರು ಬಂದಾಗ ಹೋಗಬಹುದಿತ್ತಲ್ಲ ಯಮನಪ್ಪ. ಸೀರಿಯಸ್ ಎಂದು ನಂಬಲಿಲ್ಲವಂತೆ ನೀವು."

"ಅದು ಹುಡುಗರಿಗೆ ಹೇಳಾಕ ಹೇಳಿದ್ದರಿ. ಅಕ್ಕನ ಹೆಸರಿಲೆ ಯಾವತ್ತೂ ಸುಳ್ಳ ತಾರ ಬಂದಿರಲಿಲ್ಲ." ಅವನು ಅಂಗಳದ ಕಡೆ ತಿರುಗಿದ. "ಹೋಗಬಹುದಿತ್ರಿ. ನಾ ಹೋಗಿ, ಆಮ್ಯಾಲೆ ದೋಣಿ ಮುಳುಗಿದ್ರ? ಯಾತಕ್ಕರ ಮುಳುಗಲಿ, ಯಮನಪ್ಪ ಊರಿಗೆ ಹೋದ, ನೀರ ಹೊಡೀಲಿಲ್ಲ ಅಂತಿದ್ರಿ. ಬಾರಿಸಿ ನೋಡೇನಿ ಅಂದ್ರ ಯಾರ ಕೇಳ್ತಿದ್ರು?"

ಇಲ್ಲ, ಹಾಗೆ ಅನ್ನುತ್ತಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಒಂದೇ ದಿನ ಎರಡನೆಯ ಸುಳ್ಳು ಬಾಯಿಂದ ಹೊರಡಲಿಲ್ಲ.

ಅನ್ನುತ್ತಿದ್ದೆ. ಯೋಜನೆಯ ಹಾಳೆಯಲ್ಲಿ ಇಲ್ಲದ ಅವನ ಹೆಸರು, ದೋಣಿ ಯಾಕೆ ಮುಳುಗಿತು ಎಂಬ ನನ್ನ ವರದಿಯ ಮೊದಲ ಸಾಲಿನಲ್ಲೇ ಇರುತ್ತಿತ್ತು.